ಜವರಯ್ಯನ ಬೆಲ್ಲ

ಹೊಳಲಿನ ಸಣ್ಣತಾಯಮ್ಮ ಗಂಡ ಜವರಯ್ಯನ ಜೊತೆ ಮೂವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವಳು. ಕಬ್ಬಿನ ರಸದ ಕೊಳೆ ತೆಗೆಯಲು ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಬಿಟ್ಟರೆ ಜವರಯ್ಯ ಬೇರೇನೂ ಹಾಕುತ್ತಿರಲಿಲ್ಲ. ಅದಕ್ಕೇ ಅವನ ಬೆಲ್ಲ ಕಪ್ಪಗಿರುತ್ತಿತ್ತು. ಕೊಳ್ಳುವ ಕಂಪನಿಯವರು ಅವನ ವಿಡಿಯೋ ಮಾಡಿಕೊಂಡು ಹೋಗಿದ್ದರು. ಅವನು ಸತ್ತು ಎರಡು ವರ್ಷವಾಯಿತು, ಆಲೆಮನೆಯೂ ನಿಂತಿತು.

ಮೊನ್ನೆ ಗುತ್ತಲಿನ ಅಂಗಡಿಯಲ್ಲಿ ಸೊಸೆ ದೀಪಿಕ ಅದೇ ಕಂಪನಿಯ ಈ ವರ್ಷದ ಬೆಲ್ಲದ ಪೊಟ್ಟಣ ಕೊಂಡು, ಮನೆಗೆ ತಂದು ಅತ್ತೆಯ ಮುಂದೆ ಅದರ ಮೇಲಿನ ಕೋಡ್ ಸ್ಕ್ಯಾನ್ ಮಾಡಿದಳು. ಮೊಬೈಲಿನಲ್ಲಿ ಜವರಯ್ಯ ನಕ್ಕ: "ನಾನೇ ಕಾಯ್ಸಿದ್ದು ಕಣವ್ವ, ಬಣ್ಣಕ್ಕೆ ಔಸ್ದಿ ಆಕಿಲ್ಲ."

ಪೊಟ್ಟಣ ಒಡೆದರೆ ಅರಿಶಿನದಂಥ ಹಳದಿ. ಸಣ್ಣತಾಯಮ್ಮ ಚೂರು ಬಾಯಿಗಿಟ್ಟು ಉಗಿದಳು. "ಥೂ, ಸತ್ತೋನ ಬಾಯಲ್ಲಿ ಸುಳ್ಳು ಆಡಿಸ್ತಾವ್ರಲ್ಲ!"

"ದೂರು ಕೊಡೋಣ ಅತ್ತೆ. ವಿಡಿಯೋ ಅಳಿಸಿಹಾಕ್ತಾರೆ."

"ಅಳಿಸಾಕ್ತಾರಾ?" ಸಣ್ಣತಾಯಮ್ಮನ ದನಿ ಇಳಿಯಿತು. "ಬ್ಯಾಡ ಬುಡು ಕಣಮ್ಮ. ಇನ್ನೊಂದ್ಸಲ ಮಾತಾಡ್ಸು."