ಅಣ್ಣನ ಸನಾದಿ ಇಲ್ಲದ ಸಿ.ಡಿ.

ನಮ್ಮ ಮೇಳದಲ್ಲಿ ನಾಲ್ಕೇ ಜನ ಇದ್ದೆವು. ಹಾವೇರಿಯಿಂದ ಅಣ್ಣ ಮತ್ತು ನಾನು, ಬ್ಯಾಡಗಿಯಿಂದ ಕರಡಿ ಬಾರಿಸುವ ಗೆಳೆಯ, ರಾಣೆಬೆನ್ನೂರಿನ ಪಕ್ಕದ ಹಲಗೇರಿಯಿಂದ ತಾಳದ ಅಜ್ಜ. ಕರಡಿ ಎಂದರೆ ಹೊಟ್ಟೆ ಉಬ್ಬಿದ, ಎರಡು ಮುಖದ ಚರ್ಮವಾದ್ಯ. ಅದು ಮೊಳಗಿದರೆ ಚಪ್ಪರದ ಗಳಗಳೂ ನಡುಗುತ್ತಿದ್ದವು. ಅದರ ಮೇಲೆ ಅಣ್ಣನ ಸನಾದಿ ಏರುತ್ತಿತ್ತು. ನಾನು ಅವನ ಎಡಕ್ಕೆ ನಿಂತು ಶ್ರುತಿ ಹಿಡಿಯುತ್ತಿದ್ದೆ. ಶ್ರುತಿಯೂ ನೋಡಲು ಸನಾದಿಯಂಥದೇ ಕೊಳವೆ, ಆದರೆ ಅದರಿಂದ ಹೊರಡುವುದು ಒಂದೇ ಸ್ವರ. ಹನ್ನೊಂದು ವರ್ಷ ನಾನು ಆ ಒಂದೇ ಸ್ವರ ಊದಿದೆ. ಮದುವೆಯಲ್ಲಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನನಗೂ ಅದೇ ಬೇಕಾಗಿತ್ತು.

ನಮ್ಮ ಮನೆತನದ ಕಸುಬು ಎರಡು: ಬಿದಿರಿನ ಬುಟ್ಟಿ ಹೆಣೆಯುವುದು, ಸನಾದಿ ಊದುವುದು. ಅಪ್ಪ ಅಣ್ಣನಿಗೆ ಸನಾದಿ ಕೊಡುವ ಮೊದಲು ತಿರುಳು ತೆಗೆದ ಒಂದು ಜೋಳದ ದಂಟನ್ನು ಕೊಟ್ಟಿದ್ದನಂತೆ. ಅದನ್ನು ನೀರಿನ ತಂಬಿಗೆಯಲ್ಲಿಟ್ಟು ಊದಬೇಕು, ಮೂಗಿನಿಂದ ಉಸಿರು ಎಳೆದುಕೊಂಡರೂ ಗುಳ್ಳೆ ನಿಲ್ಲಬಾರದು. ಅದನ್ನು ಸಾಧಿಸಲು ಅಣ್ಣನಿಗೆ ಎರಡು ವರ್ಷ ಹಿಡಿಯಿತು. ನನ್ನ ಪಾಲಿಗೆ ಅಪ್ಪ ಅಷ್ಟು ದಿನ ಉಳಿಯಲಿಲ್ಲ. ನಾನು ದರ್ಜಿ ಕೆಲಸ ಕಲಿತೆ, ಶ್ರುತಿಯನ್ನಷ್ಟೇ ಅಣ್ಣನಿಂದ ಕಲಿತೆ.

ಗೆಳೆಯನ ಮನೆಮಾತು ಉರ್ದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಅವನ ಅಜ್ಜ ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಹಲಗೆ ಬಾರಿಸುತ್ತಿದ್ದವರು. ಅವರ ಹೆಗಲೇರಿ ಕುಳಿತು ಕೇಳಿದ ಪೆಟ್ಟುಗಳೇ ತನ್ನ ಶಾಲೆ ಎನ್ನುತ್ತಿದ್ದ. ಕರಡಿಯನ್ನು ಅವನು ಯಾರಿಂದಲೂ ಕಲಿಯಲಿಲ್ಲ; ನಮ್ಮಪ್ಪನ ಮೇಳದ ಹಿಂದೆ ಊರೂರು ನಡೆದು ಕಣ್ಣಲ್ಲೇ ತುಂಬಿಕೊಂಡಿದ್ದ. ಹಲಗೇರಿಯ ಅಜ್ಜ ಒಕ್ಕಲುತನದವನು, ಹೊಲದ ಕೆಲಸ ಮುಗಿಸಿ ಮಠದಲ್ಲಿ ಭಜನೆಗೆ ಕೂಡುತ್ತಿದ್ದವನು. ನಮ್ಮ ಜೊತೆ ಸೇರುವ ಹೊತ್ತಿಗೆ ಅವನ ಕಿವಿ ಮುಕ್ಕಾಲು ಹೋಗಿತ್ತು. ಗೆಳೆಯನ ಮಣಿಕಟ್ಟನ್ನೇ ನೋಡುತ್ತ ತಾಳ ಹಾಕುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ.

ಊರೂರಿಗೆ ಮೊಬೈಲು ಬರತೊಡಗಿದ್ದ ವರ್ಷಗಳವು. ಒಂದು ಬೇಸಿಗೆಯ ಬೆಳಿಗ್ಗೆ ರಾಣೆಬೆನ್ನೂರಿನ ಮದುವೆಗೆ ಹೋಗಬೇಕಿತ್ತು. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ನಾಲ್ವರೂ ಕೂಡಿ ಚಹಾ ಕುಡಿಯುತ್ತಿದ್ದೆವು. ಅಣ್ಣನ ಬಾಯಿಯ ಬಲಬದಿಯಿಂದ ಚಹಾ ಸೋರಿ ಬಿಳಿ ಅಂಗಿಯ ಮೇಲೆ ಬಿತ್ತು.

"ಯಾಕಣ್ಣ, ಚಾ ಚೆಲ್ಲಾಕತ್ತೈತಿ?" ಎಂದೆ.

"ತುಟಿ ಸುಟ್ಟಿರಬೇಕು. ಮುಂಜಾನಿಂದ ಮರಗಟ್ಟಿದಂಗ ಆಗೇತಿ."

ಗೆಳೆಯ ಲೋಟ ಕೆಳಗಿಟ್ಟು ಅವನ ಮುಖ ದಿಟ್ಟಿಸಿದ. "ಅಣ್ಣಾ, ಒಮ್ಮೆ ನಗು ನೋಡೂಣು."

ಅಣ್ಣ ನಕ್ಕ. ಅರ್ಧ ಮುಖವಷ್ಟೇ ನಕ್ಕಿತು. ಇನ್ನರ್ಧ ಸುಮ್ಮನೆ ನೋಡುತ್ತಿತ್ತು.

ದವಾಖಾನೆಗೆ ಹೋಗೋಣ ಎಂದರೆ ಅವನು ಕೇಳಲಿಲ್ಲ. ಒಪ್ಪಿಕೊಂಡ ಮದುವೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಸನಾದಿ ಇಲ್ಲದಿದ್ದರೆ ಹೇಗೆ? ಮಂಟಪದ ಬಾಗಿಲಲ್ಲಿ ನಿಂತು ಸನಾದಿ ಬಾಯಿಗಿಟ್ಟ. ಉಸಿರೆಲ್ಲ ತುಟಿಯ ಬದಿಯಿಂದ ಹೊರಬಿತ್ತು. ಬೆರಳಿನಿಂದ ತುಟಿ ಒತ್ತಿ ಹಿಡಿದು ಮತ್ತೆ ಊದಿದ. ಆಗ ಸನಾದಿಯ ತೂತುಗಳಿಗೆ ಒಂದೇ ಕೈ ಉಳಿಯಿತು. ಮೂರನೆಯ ಸಲ ಪ್ರಯತ್ನಿಸಿ, ಅದನ್ನು ನನ್ನ ಕೈಗಿತ್ತು ಶ್ರುತಿ ಕಸಿದುಕೊಂಡ.

"ನೀ ಹಿಡಿ."

"ನನಗೆಲ್ಲಿ ಬರತೈತಣ್ಣ?"

"ಹನ್ನೊಂದು ವರ್ಷ ಮಗ್ಗಲದಾಗ ನಿಂತು ಕೇಳೀದಿ. ಹಿಡಿ."

ಊದಿದೆ. ಸ್ವರ ಎಷ್ಟು ಸಲ ಒಡೆಯಿತೋ ನನಗೇ ಗೊತ್ತು. ನಾನು ತಪ್ಪಿದಲ್ಲೆಲ್ಲ ಗೆಳೆಯ ಕರಡಿಯನ್ನು ಜೋರು ಮಾಡಿ ಮುಚ್ಚಿದ. ಅಣ್ಣ ಶ್ರುತಿಯನ್ನು ಬಾಯಿಗಿಟ್ಟುಕೊಂಡು ನಿಂತಿದ್ದ. ಅದರಿಂದ ಏನೂ ಬರುತ್ತಿರಲಿಲ್ಲ. ಊಟವಾದ ಮೇಲೆ ಹುಡುಗಿಯ ಅಪ್ಪ ನಮ್ಮ ಬಳಿ ಬಂದು, ಎಂದಿನಂತೆ ಹಿರಿಯನಾದ ಅಣ್ಣನಿಗೇ ಕೈಮುಗಿದ. "ಭಾಳ ಛಲೋ ಊದಿದ್ರಿ."

ಅಣ್ಣನೂ ಕೈಮುಗಿದ. ಹಾವೇರಿಯ ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: "ಮೂವತ್ತು ವರ್ಷ ನಾ ಊದಿದ್ದಕ್ಕೂ ಹಿಂಗ ಅಂದಾರ ಮಂದಿ. ಕೇಳಿ ಅಂದ್ರೋ, ಕೇಳಲಾರದ ಅಂದ್ರೋ?"

ಡಾಕ್ಟರು ಮುಖದ ನರ ಸೋತಿದೆ, ಎಷ್ಟೋ ಜನರಿಗೆ ತಾನಾಗಿಯೇ ಸರಿಹೋಗುತ್ತದೆ ಎಂದರು. ಕೆಲವು ವಾರಗಳಲ್ಲಿ ಅಣ್ಣನಿಗೆ ಆ ಬದಿಯ ಕಣ್ಣು ಮುಚ್ಚಲು ಬಂತು, ಮಾತು ಸ್ಪಷ್ಟವಾಯಿತು. ತುಟಿ ಮಾತ್ರ ಬಿಗಿ ಹಿಡಿಯಲಿಲ್ಲ. ದಿನವೂ ಬುಟ್ಟಿ ಹೆಣೆಯುವ ಕೆಲಸ ಬಿಟ್ಟು ಕನ್ನಡಿಯ ಮುಂದೆ ಕೂತು ಗಲ್ಲ ಉಬ್ಬಿಸಿ ನೋಡುತ್ತಿದ್ದ. ಆರು ತಿಂಗಳಾದ ಮೇಲೆ ಅತ್ತಿಗೆ ಕನ್ನಡಿ ಎತ್ತಿಟ್ಟಳು.

ಒಂದು ಭಾನುವಾರ ಗೆಳೆಯ ಬಂದಿದ್ದಾಗ ಅಣ್ಣ ಒಮ್ಮೆಲೆ ಕೇಳಿದ: "ಅಲ್ಲೋ, ನಾ ಹೆಂಗ ಊದತಿದ್ದೆ?"

"ಹೆಂಗಂದ್ರ? ಎಲ್ಲಾರಿಗೂ ಗೊತ್ತೈತಲ್ಲ."

"ನನಗ ಗೊತ್ತಿಲ್ಲ. ಊದುವಾಗ ಕಿವಿ ತುಂಬ ಕರಡಿ, ಹೊಟ್ಟಿ ತುಂಬ ಉಸುರು. ದೂರ ನಿಂತು ಒಮ್ಮೆನೂ ಕೇಳಿಲ್ಲ. ಒಂದ ಸಲ ಕೇಳಬೇಕು ನೋಡಪಾ."

ನಮಗೆ ಮದುವೆಯ ವಿಡಿಯೋಗಳ ನೆನಪಾಯಿತು. ಎಷ್ಟು ಮದುವೆಗಳಲ್ಲಿ ಕ್ಯಾಮೆರಾದ ಹುಡುಗರು ಅಣ್ಣನ ಉಬ್ಬಿದ ಗಲ್ಲಕ್ಕೆ ಲೈಟು ಹಿಡಿದಿರಲಿಲ್ಲ! ಗೆಳೆಯನಿಗೆ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಮನೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರ ಮಗಳ ಮದುವೆಗೆ ನಾವೇ ಬಾರಿಸಿದ್ದೆವು. ಇಬ್ಬರೂ ಹೋದೆವು. ಆ ಮನೆಯ ತಾಯಿ "ಒಳಗ ಬರ್ರಿ, ಕುಂದ್ರಿ" ಎಂದು ಚುರಮುರಿ ಕೊಟ್ಟು, ಮಗಳ ಮದುವೆಯ ಸಿ.ಡಿ. ಹುಡುಕಿ ತಂದು ಟಿ.ವಿ.ಗೆ ಹಾಕಿದರು.

ಅಣ್ಣ ಕಾಣಿಸಿದ. ಹಳದಿ ರುಮಾಲು, ಮುಚ್ಚಿದ ಕಣ್ಣು, ಸನಾದಿ ಆಕಾಶಕ್ಕೆ ಎತ್ತಿದ ಭಂಗಿ. ಆದರೆ ಕೇಳಿಸುತ್ತಿದ್ದುದು ಸಿನಿಮಾ ಹಾಡು. ವಿಡಿಯೋದವರು ಚಂದ ಕಾಣಲೆಂದು ಇಡೀ ಮದುವೆಗೆ ಹಾಡು ಹಾಕಿ, ಮೂಲದ ಸದ್ದೆಲ್ಲ ತೆಗೆದುಬಿಟ್ಟಿದ್ದರು. ಆ ತಾಯಿ ನಮ್ಮ ಮುಖ ನೋಡಿ, "ಯಾಕ್ರಿ, ಛಲೋ ಬಂದಿಲ್ಲೇನ್ರಿ?" ಎಂದರು. ವಿಡಿಯೋದವರ ಅಂಗಡಿಗೂ ಹೋಗಿ ಕೇಳಿದೆವು. ಆ ಮದುವೆ ತೆಗೆದ ಮೂಲ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತುಂಬಿಸಿಯಾಗಿತ್ತು. ಮುಂದೆ ಮೂರು ಮನೆ ತಿರುಗಿದೆವು. ಎಲ್ಲ ಕಡೆಯೂ ಅದೇ ಕತೆ.

ಸಿ.ಡಿ. ಸಿಗಲೇ ಇಲ್ಲ ಎಂದು ಅಣ್ಣನಿಗೆ ಸುಳ್ಳು ಹೇಳೋಣ ಎಂದೆ ನಾನು. ಗೆಳೆಯ ಒಪ್ಪಲಿಲ್ಲ. ಬ್ಯಾಡಗಿಯ ಆ ಸಿ.ಡಿ.ಯನ್ನೇ ಕೇಳಿ ತಂದು, ಪಕ್ಕದ ಮನೆಯ ಪ್ಲೇಯರ್ ಜೋಡಿಸಿ ಹಾಕಿದ. ಅಣ್ಣ ಒಂದು ನಿಮಿಷ ಕೇಳಿ, "ಹಾಡು ಬಂದ್ ಮಾಡು" ಎಂದ. ಸದ್ದು ಪೂರ್ತಿ ತೆಗೆದೆ. ಅಣ್ಣ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತು ಅದರಲ್ಲಿನ ತನ್ನ ಬೆರಳುಗಳನ್ನೇ ನೋಡಿದ.

"ಇದು ಬೀಗರನ್ನ ಎದುರುಗೊಳ್ಳೋ ಧಾಟಿ. ಅಪ್ಪಂದು," ಎಂದ. "ಇಲ್ಲಿ ನೋಡು, ಗಲ್ಲ ಇಳೀತು. ಉಸುರು ತಗೊಂಡೆ. ಈಗ ಮ್ಯಾಲ ಹೋಗತೇನಿ." ಸಣ್ಣಗೆ ಗುನುಗತೊಡಗಿದ. ಸೋತ ತುಟಿಯಿಂದ ಗಾಳಿ ಬೆರೆತು ಬರುತ್ತಿತ್ತು. ಗೆಳೆಯ ತೆರೆಯ ಮೇಲಿನ ತನ್ನ ಕೈ ನೋಡುತ್ತ ನೆಲದ ಮೇಲೆ ಪೆಟ್ಟು ಹಾಕಿದ. ನಾನು ಗೂಟದಿಂದ ಸನಾದಿ ಇಳಿಸಿ ಚಿತ್ರದಲ್ಲಿನ ಅಣ್ಣನ ಬೆರಳುಗಳ ಜೊತೆ ಊದಲು ನೋಡಿದೆ. ಎರಡು ಸಾಲು ದಾಟಿದ್ದೆನೋ ಇಲ್ಲವೋ, ಚಿತ್ರ ಅಡುಗೆ ಮನೆಗೆ, ಬುಂದಿ ಕರಿಯುವವರ ಕಡೆಗೆ ಜಿಗಿಯಿತು.

"ಹೋತು," ಎಂದ ಅಣ್ಣ. ಮತ್ತೆ ಹಾಕಲೇ ಎಂದರೆ ಬೇಡವೆಂದ. ಅತ್ತಿಗೆ ಒಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅಂದಿನಿಂದ ಅವನು ನನಗೆ ಕಲಿಸಲು ಕೂತ. ಗುನುಗಿ ಹೇಳಿದ್ದು ನನಗೆ ತಿಳಿಯದೆ, ಊದಿ ತೋರಿಸಲು ಅವನಿಗೆ ಆಗದೆ, ಇಬ್ಬರೂ ಬೇಸತ್ತು ಎದ್ದುಹೋಗುತ್ತಿದ್ದೆವು. ಅಪ್ಪನ ಹತ್ತು ಹನ್ನೆರಡು ಧಾಟಿಗಳಲ್ಲಿ ನಾನು ಪೂರ್ತಿ ಕಲಿತದ್ದು ಎರಡು. ಬೀಗರ ಧಾಟಿ ಅದರಲ್ಲಿಲ್ಲ. ನನಗೆ ಹೊಲಿಗೆ ಅಂಗಡಿಯ ನೆಪ ಇತ್ತು, ನಾಳೆ ಕಲಿತರಾಯಿತು ಎನ್ನುವ ಸೋಮಾರಿತನವೂ ಇತ್ತು. ಮರುವರ್ಷದ ಚಳಿಗಾಲದಲ್ಲಿ, ಬಿಸಿಲಿಗೆ ಕೂತು ಬಿದಿರು ಸೀಳುತ್ತಿದ್ದವನು ಹಾಗೆಯೇ ವಾಲಿದ. ಈ ಸಲ ಬರೀ ಮುಖವಲ್ಲ. ಮೂರು ದಿನ ಕಣ್ಣು ತೆರೆಯಲಿಲ್ಲ, ನಾಲ್ಕನೆಯ ದಿನ ಹೋದ.

ಮಣ್ಣಿಗೆ ಒಯ್ಯುವಾಗ ಸನಾದಿ ಬೇಕು. ಎಷ್ಟೋ ಜನರನ್ನು ಅಣ್ಣ ಹಾಗೆ ಕಳಿಸಿಕೊಟ್ಟಿದ್ದ. ಗೆಳೆಯ ಕರಡಿ ಹೆಗಲಿಗೆ ಹಾಕಿಕೊಂಡ, ಅಜ್ಜ ತಾಳ ಹಿಡಿದು ಅವನ ಎದುರು ನಿಂತ. ನಾನು ಸನಾದಿ ಬಾಯಿಗಿಟ್ಟೆ. ತುಟಿ ಕೂಡಲಿಲ್ಲ. ಅಳು ನಿಲ್ಲಿಸಿ ಮತ್ತೆ ಇಟ್ಟೆ, ಮತ್ತೆ ಗಾಳಿಯೇ ಬಂತು. ಜನ ಕಾಯುತ್ತಿದ್ದರು.

"ಬಿಡು," ಎಂದ ಗೆಳೆಯ. "ನಾ ಅದೀನಿ."

ಬರೀ ಕರಡಿ, ತಾಳಗಳ ಮೇಲೆ ಅಣ್ಣ ಹೋದ.

ಮೂರನೆಯ ದಿನ ಅತ್ತಿಗೆ ಕೇಳಿದಳು: "ಎರಡು ಸಾಲಾದ್ರೂ ಊದಬೇಕಿತ್ತು. ಯಾಕ ಊದಲಿಲ್ಲೋ?" ಬೈಯಲು ಕೇಳಿದ್ದಲ್ಲ ಅದು. ಖರೇ ತಿಳಿಯದೆ ಕೇಳಿದ್ದಳು.

ಅದಾದ ಮೇಲೆ ನಾವು ಮೂವರೂ ಕೂಡಿ ಬಾರಿಸಲಿಲ್ಲ. ಅಜ್ಜ ಎರಡು ವರ್ಷದಲ್ಲಿ ತೀರಿಕೊಂಡ. ಗೆಳೆಯ ಹಾವೇರಿಗೆ ಬಂದಾಗ ನನ್ನ ಅಂಗಡಿಗೆ ಬರುತ್ತಾನೆ. ಮಕ್ಕಳ ಓದಿನ ಮಾತು, ಈ ಸಲದ ಮೆಣಸಿನಕಾಯಿಯ ಮಾತು ಆಡುತ್ತೇವೆ. ಬಸ್ಸಿನ ಹೊತ್ತಾದರೆ ಅವನು ಏಳುತ್ತಾನೆ, ನಾನು ಮಷಿನ್ನಿಗೆ ತಿರುಗುತ್ತೇನೆ.