ದೇವರ ಗೂಡಿನಲ್ಲಿಟ್ಟ ಭತ್ತ

ಎಂಬತ್ತರ ದಶಕದ ಶುರುವಿನ ಮಾತು. ಶಿರಾದ ನಮ್ಮದು ಲಿಂಗಪೂಜೆಯಾಗದೆ ತುತ್ತೆತ್ತದ ಮನೆ. ಆ ಮನೆಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಅಜ್ಜಿಗೆ ಅದು ಬೇಡದ ಉಸಾಬರಿ. ಒಂದು ದೂರು ಕಿವಿಗೆ ಬಿದ್ದರೂ ಓದು ಬಿಡಿಸುವೆನೆಂದು ಮೊದಲೇ ಹೇಳಿಟ್ಟಿದ್ದಳು.

ಗಾಳಿಯಿಲ್ಲದೆ ಬೀಜ ಮೊಳೆಯುವುದಿಲ್ಲವೆಂದು ತೋರಿಸುವ ಪ್ರಯೋಗವನ್ನು ಮನೆಯಲ್ಲೇ ಮಾಡಿಕೊಂಡು ಬನ್ನಿ ಎಂದರು ಸಸ್ಯಶಾಸ್ತ್ರದ ಮೇಷ್ಟ್ರು. ಎಲ್ಲರೂ ಹುರುಳಿಕಾಳು ಹಿಡಿದರು. ನನ್ನದು ಹುಟ್ಟಾ ಅಧಿಕಪ್ರಸಂಗ, ಭತ್ತ ಹಿಡಿದೆ. ಕುದಿಸಿ ಆರಿಸಿದ ನೀರು ಸೀಸೆಗೆ ತುಂಬಿ, ಭತ್ತ ಮುಳುಗಿಸಿ, ಗಾಳಿ ಇಳಿಯದಂತೆ ಮೇಲೆ ಎರಡು ಬೆರಳು ಎಣ್ಣೆ ಹೊಯ್ದು, ಬಿರಡೆ ಜಡಿದೆ. ತಮ್ಮಂದಿರ ಕೈಗೆಟುಕದ ಜಾಗವೆಂದರೆ ದೇವರ ಗೂಡೊಂದೇ. ಅಲ್ಲಿಟ್ಟೆ.

ಆರನೇ ದಿನ ಅಜ್ಜಿ ದೀಪದ ಎಣ್ಣೆಯೆಂದುಕೊಂಡು ಬಿರಡೆ ಕಿತ್ತಳು. ಹೆಂಡದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ವಾಸನೆ ಅವಳಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಪ್ರಯೋಗ ಎಂದರೆ, ಕಳ್ಳನಿಗೊಂದು ಪಿಳ್ಳೆ ನೆವ ಎಂದಳು.

"ಕಾಲೇಜಿಗೆ ಓಗಿ ಇದನ್ನಾ ಕಲ್ತಿದ್ದು? ಸಾಕು ಬುಡು, ನಾಳೆಯಿಂದ ಮನೇಲಿರು."

ನನಗೆ ನಿಜವಾಗಿ ಭಯವಾಯಿತು. ಅತ್ತದ್ದೂ ಕೆಲಸಕ್ಕೆ ಬರಲಿಲ್ಲ. ಸಂಜೆ ಮೇಷ್ಟ್ರನ್ನೇ ಮನೆಗೆ ಎಳೆದು ತಂದೆ.

ನನ್ನ ಪರ ವಾದಿಸುವುದಿರಲಿ, ಆ ಮನುಷ್ಯ ಸೀಸೆ ನೋಡಿ ಕುಣಿಯುವುದೊಂದು ಬಾಕಿ. ಭತ್ತದ ಬೇರು ಹೊರಟಿರಲಿಲ್ಲ, ಬಿಳಿ ಮೊಳಕೆ ಮಾತ್ರ ಗಾಳಿಯಿಲ್ಲದೆಯೂ ಉದ್ದಕ್ಕೆ ಎದ್ದಿತ್ತು. ಉಸಿರು ಕಟ್ಟಿದಾಗ ಬೀಜ ತನ್ನ ಎಷ್ಟೋ ಜೀನುಗಳನ್ನು ಸುಮ್ಮನಾಗಿಸಿ, ಬೇರೆ ಕೆಲವನ್ನು ಎಬ್ಬಿಸುತ್ತದಂತೆ; ಅವು ಮಾಡಿಸಿದ ಕಿಣ್ವಗಳು ಸಕ್ಕರೆಯನ್ನು ಮದ್ಯವಾಗಿಸುವಾಗ ಸಿಗುವ ಚೂರುಪಾರು ಶಕ್ತಿಯಲ್ಲೇ ಅದು ಜೀವ ಹಿಡಿದುಕೊಳ್ಳುತ್ತದಂತೆ. ಕಾಲೇಜಿನಲ್ಲಿ ಕೂಡ ಅವರು ಅಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ.

ಎಲ್ಲ ಕೇಳಿಸಿಕೊಂಡ ಅಜ್ಜಿ, ಗಾಳಿ ಇಲ್ಲವೆಂದು ಬೀಜಕ್ಕೆ ಹೆಂಗೆ ತಿಳಿಯುತ್ತದೆ ಎಂದಳು. ಗಾಳಿಯಿದ್ದಾಗ ಒಡೆದುಹೋಗುವ ಕೆಲವು ಪ್ರೋಟೀನುಗಳು ಗಾಳಿ ತೀರಾ ಕಡಿಮೆಯಾದಾಗ ಗಿಡದಲ್ಲಿ ಉಳಿದುಕೊಂಡು ಆ ಜೀನುಗಳನ್ನು ಎಬ್ಬಿಸುತ್ತವೆಂದು ನಾನೇ ಓದಿದ್ದು ತಲೆ ನರೆತ ಮೇಲೆ. ಅಂದು ಮೇಷ್ಟ್ರಿಗೆ ಸುಳ್ಳು ಹೇಳಲು ಬರಲಿಲ್ಲ. ಅದು ಇನ್ನೂ ಯಾರಿಗೂ ಗೊತ್ತಿಲ್ಲಮ್ಮ ಎಂದರು.

ಕೆಲಸ ಕೆಟ್ಟಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ನಿಮ್ಗೂ ಗೊತ್ತಿಲ್ವಾ ಮೇಷ್ಟ್ರೇ? ಅಂಗಾದ್ರೆ ಇವಳು ಕಲಿಯೋದು ಇನ್ನೂ ಬೇಕಾದಷ್ಟು ಐತೆ. ನಾಳೆ ಕಳಿಸ್ತೀನಿ."