ಬ್ರೆಡ್ ಅತ್ತೆ

ನಮ್ಮ ಕಟ್ಟಡದಲ್ಲಿ ಸಭೆ ಕರೆದರೆ ಕಾರ್ಯದರ್ಶಿಗಿಂತ ಮೊದಲು ಬರುವವರು ಮೂರನೇ ಮಹಡಿಯ ಬ್ರೆಡ್ ಅತ್ತೆ. ಅವರಿಗಿಂತ ಮೊದಲು ಬರುವುದು ಅವರು ಮನೆಯಲ್ಲೇ ಬೇಯಿಸಿದ ಬ್ರೆಡ್ಡಿನ ಘಮ. ನೀರಿನ ಜಗಳಕ್ಕೆಂದು ತೋಳೇರಿಸಿಕೊಂಡು ಬಂದವರ ಕೈಗೂ ಬಿಸಿ ಹೋಳು ತುರುಕಿ, "ಮೊದ್ಲು ತಿನ್ನಿ, ಆಮೇಲೆ ಕಿತ್ತಾಡಿ" ಎನ್ನುತ್ತಾರೆ. ಬಾಯಿ ತುಂಬಿದವರು ಬೈಯುವುದಾದರೂ ಹೇಗೆ? ಹೋದ ವರ್ಷ ಬಂದ ಜ್ವರ ಅತ್ತೆಯ ನಾಲಿಗೆಯ ರುಚಿಯನ್ನೇ ಹೊತ್ತೊಯ್ದಿತು. ಅಂದಿನಿಂದ ಅವರು ತಮ್ಮ ಬ್ರೆಡ್ಡಿನ ರುಚಿಯನ್ನು ನಮ್ಮ ಮುಖಗಳಲ್ಲೇ ನೋಡುತ್ತಾರೆ. ಮೊನ್ನೆ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತುಬಿಟ್ಟಿದ್ದರು. ಯಾವ ಮಾತಿಗೂ ಒಮ್ಮತಕ್ಕೆ ಬಾರದ ನಾವೆಲ್ಲ ಒಂದೇ ಉಸಿರಿಗೆ, "ತುಂಬಾ ಚೆನ್ನಾಗಿದೆ ಅತ್ತೆ!" ಎಂದೆವು. ಅತ್ತೆ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು: "ಸುಳ್ಳು ಹೇಳೋದಕ್ಕಾದ್ರೂ ಒಗ್ಗಟ್ಟಾದ್ರಲ್ಲ! ಉಪ್ಪು ಮರ್ತೆ ಅಲ್ವಾ? ಇರಿ, ತರ್ತೀನಿ."